ಮೆಟ್ಟಿಲಿಳಿಯುವ ಘಟ್ಟ

ದಮಿಯಾತ್,
ಬುಧವಾರ, ೧೪ ಏಪ್ರಿಲ್ ೧೯೯೩

ಪ್ರೀತಿಯ ತಮ್ಮ ಲುತ್ಫಿಗೆ,

ನಿನ್ನಣ್ಣ ಶೌಕಿಯ ಸಲಾಮು. ಮಂಡಿನೋವು ಹೇಗಿದೆ? ಅಸ್ವಾನಿನ ಬಿಸಿಲು ತಲೆಗೇರಿಲ್ಲ ತಾನೆ? ದೋಣಿಯ ಎಂಜಿನ್ನಿನ ಕೆಳಗೆ ತೂರುವಾಗ ಗೋಣಿಚೀಲ ಹಾಸಿಕೋ ಮಾರಾಯ. ಇಲ್ಲಿ ನಿನ್ನ ಹೆಂಡತಿ ಯುಸ್ರಿಯಾ, ಮಗಳು ನಶ್ವಾ ಇಬ್ಬರೂ ಕ್ಷೇಮ. ಕ್ಷೇಮವಿಲ್ಲದವನು ನಾನೊಬ್ಬನೇ! ಕೂತಲ್ಲಿ ಕೂರಲಾರೆ. ಈ ಕಾಗದವನ್ನೂ ಅರ್ಧ ಕಿಟಕಿಯ ಬಳಿ, ಅರ್ಧ ಬಾಗಿಲ ಬಳಿ ನಿಂತು ಬರೆಯುತ್ತಿದ್ದೇನೆ.

ಮುಂದಿನ ಗುರುವಾರ ಮದುವೆ. ನಿಕಾಹಿಗೆ ನೀನು ಕಾಗದದಲ್ಲಿ ಒಪ್ಪಿಗೆ ಕಳಿಸಿದೆ, ಸಂತೋಷ. ಆದರೆ "ಡೋಲು ಬಡಿಯೋನ ಕೈಗೆ ಮಗಳ ಕೈ ಇಡೋಕೆ ನಾನು ಬರಲ್ಲ" ಎಂದು ಗುಡುಗಿ ರೈಲು ಹತ್ತಿದೆಯಲ್ಲ, ಆ ಗುಡುಗು ಇನ್ನೂ ಈ ಮನೆಯ ಗೋಡೆಗಳಲ್ಲಿದೆ. ಹುಡುಗಿ ಮೆಟ್ಟಿಲಿಳಿದು ಬಂದು ಬೀದಿಯ ಮೆರವಣಿಗೆ ಹೊರಡಬೇಕಾದರೆ ಪಕ್ಕದಲ್ಲಿ ಅಪ್ಪನೇ ಇರಬೇಕು. ಇದು ನಿನಗೆ ಗೊತ್ತಿಲ್ಲದ್ದೇ?

ರಂಗದ ಮೇಲೆ ಸುಲ್ತಾನನಾಗಿ ಮೆರೆದವನು ನಾನು. ಕ್ರಮಪಟ್ಟಿ ಬರೆಯದೆ ಪರದೆ ಎತ್ತಿಸುತ್ತೇನೆಯೇ? ಇಳಿಹೊತ್ತಿನ ಅಸರ್ ನಮಾಜಾದ ಮೇಲೆ ಚಪ್ಪರಕ್ಕೆ ಕುರ್ಚಿ. ಸೂರ್ಯ ಮುಳುಗಿ ಮಗ್ರಿಬ್‌ ಆಗುತ್ತಲೇ ದೀಪಮಾಲೆ, ಹಿಂದೆಯೇ ಶರಬತ್ತು. ರಾತ್ರಿಯ ಇಶಾ ನಮಾಜು ಮುಗಿದೊಡನೆ ಹುಡುಗಿ ಇಳಿಯಬೇಕು, ಡೋಲು ಮೊಳಗಬೇಕು! ನಿನ್ನೆ ಇದಕ್ಕೆ ತಾಲೀಮು ಇಟ್ಟೆ. ನಮ್ಮೂರಿನವರ ಗಡಿಯಾರ ಬಲ್ಲವನಾದ್ದರಿಂದ, ಅಸರ್‌ಗೆ ಬೇಕಾದವರಿಗೆಲ್ಲ ಮಧ್ಯಾಹ್ನದ ನಮಾಜಿಗೇ ಬನ್ನಿ ಎಂದು ಸುಳ್ಳು ಹೇಳಿದೆ. ಅವರೋ ನನ್ನನ್ನು ಬಲ್ಲವರು! ಎಲ್ಲರೂ ಬಂದದ್ದು ಕತ್ತಲು ಕವಿಯುವಾಗ. ನಾನು ಕೂಗಾಡಿದರೆ ಯುಸ್ರಿಯಾ, "ಭಾವ, ನೀವು ಮಧ್ಯಾಹ್ನ ಅಂದ್ರೆ ಸಂಜೆ ಅಂತ ಇಡೀ ಬೀದಿಗೇ ಗೊತ್ತು. ಸುಮ್ನೆ ಗಂಟಲು ಯಾಕೆ ಹರ್ಕೋತೀರಿ?" ಎಂದಳು.

ನನ್ನ ಮಾತನ್ನು ನಂಬಿದವನು ಒಬ್ಬನೇ. ನಿನ್ನ ಅಳಿಯ ಸಬ್ರಿ. ನಡುಹಗಲಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೇಳದವರನ್ನೆಲ್ಲ ಕಟ್ಟಿಕೊಂಡು, ಖಾಲಿ ಬೀದಿಯ ಬಿಸಿಲಲ್ಲಿ ನಿಂತಿದ್ದ! "ಏನಪ್ಪಾ ಇದು?" ಎಂದೆ. "ನೀವೇ ಬಾ ಅಂದ್ರಲ್ಲ ದೊಡ್ಡಪ್ಪಾ. ಊರೆಲ್ಲ ತಡ ಮಾಡಬಹುದು, ಡೋಲಿನವನು ಮಾಡೋ ಹಾಗಿಲ್ಲ" ಎಂದ. ನೆರಳಿಗೆ ಕರೆದರೂ ಡೋಲನ್ನು ಮೊದಲು ನೆರಳಿಗಿಟ್ಟು ಆಮೇಲೆ ತಾನು ಬಂದ. ಇಂಥವನ ಕೈ ನಿನಗೆ ಕೀಳಾಯಿತೇ?

ಮೆಟ್ಟಿಲಿಳಿಯುವ ಘಟ್ಟಕ್ಕೆ ನಾನೇ ಅಪ್ಪನಾಗಿ ನಿಂತೆ. ಎದೆಯುಬ್ಬಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, ಅವಳ ಕೈ ಹಿಡಿದು ಮೂರು ಮೆಟ್ಟಿಲು ಇಳಿದೆ. ಕೆಳಗಿದ್ದವರು ಚಪ್ಪಾಳೆ ತಟ್ಟಿದರು. ನಶ್ವಾ ಮೆಲ್ಲಗೆ ಕೈ ಬಿಡಿಸಿಕೊಂಡು, "ತುಂಬಾ ಚೆನ್ನಾಗಿ ಮಾಡ್ತೀರಿ ದೊಡ್ಡಪ್ಪಾ. ಅದೇ ತೊಂದರೆ" ಎಂದು ಹಿಂತಿರುಗಿ ಮೇಲೆ ಹತ್ತಿಬಿಟ್ಟಳು. ನನ್ನ ನಟನೆಗೆ ಇಂಥ ವಿಮರ್ಶೆ ಯಾರೂ ಬರೆದಿರಲಿಲ್ಲ ತಮ್ಮಾ. ಆಗಿನಿಂದ ಒಂದು ಕಡೆ ನಿಲ್ಲಲಾಗುತ್ತಿಲ್ಲ.

ಅಲ್ಲಾಹ್ ನಿನ್ನ ಮಂಡಿಗೆ ಬಲವನ್ನೂ ಮನಸ್ಸಿಗೆ ಮೆದುತನವನ್ನೂ ಕೊಡಲಿ.

ನಿನ್ನ ಅಣ್ಣ,
ಶೌಕಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಶ್ವಾ ಮಹಡಿಯಿಂದ ಕೂಗಿದಳು, "ಬರೀರಿ ದೊಡ್ಡಪ್ಪಾ, ಅಪ್ಪ ಬರೋವರೆಗೂ ನಾನು ಇಳಿಯಲ್ಲ. ಬಂದ ಜನ ಉಂಡು ಮನೆಗೆ ಹೋಗ್ಲಿ!" ಕೆಳಗೆ ದೀಪದ ಸರ ಕಟ್ಟುತ್ತಿದ್ದ ಸಬ್ರಿ ತಲೆಯೆತ್ತಿ, "ಸರಿ ಹಾಗಾದ್ರೆ, ಅವರು ಬರೋವರೆಗೂ ನಾವು ಬಾರಿಸ್ತಾನೇ ಇರ್ತೀವಿ" ಎಂದ. ಅವನು ಬಾರಿಸಿಯೇ ಬಾರಿಸುತ್ತಾನೆ ಲುತ್ಫಿ. ಬೀದಿಯವರ ಕಿವಿಗಳ ಮೇಲೆ ಕರುಣೆಯಿಟ್ಟು ಬುಧವಾರದ ರೈಲು ಹತ್ತು.