ಗಾಳದ ಗಂಟು

ಏಪ್ರಿಲ್ ೬, ಸೋಮವಾರ. ಕಾರವಾರ.

ಬೆರಳು ಇನ್ನೂ ಉರಿಯುತ್ತಿದೆ. ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ನನ್ನ ಸಣ್ಣ ಗಾಳಕ್ಕೆ ದೊಡ್ಡ ಮೀನು ಬಿದ್ದಾಗ ಮಾವ, "ಸಡಿಲ ಬಿಡವ್ವಾ ಜಾಯ್ಸ, ಓಡಲಿ ಅದು" ಅಂದರು. ನಾನು ಭಾಲ್ಕಿ ಕಡೆಯ ಕಾರಂಜಾ ಡ್ಯಾಮಿನಲ್ಲಿ ಬಿದಿರುಕೋಲು ಎತ್ತಿದ ಹಾಗೆ, ದಾರವನ್ನೇ ಬೆರಳಿಗೆ ಸುತ್ತಿ ಜಗ್ಗಿದೆ. ದಾರ ಬೆರಳನ್ನು ಕೊಯ್ದು, ಗಂಟಿನಲ್ಲಲ್ಲ, ಬೆರಳ ಬಳಿಯೇ ಕಡಿದುಹೋಯಿತು.

ಮನೆಯವರೆಲ್ಲರ ಮುಂದೆ ಅಂದುಬಿಟ್ಟೆ: "ಗಂಟ ಬರೊಬ್ಬರಿ ಹಾಕಿಲ್ಲರಿ ಮಾವ ನೀವು."

"ಹೌದವ್ವಾ, ನನ್ನ ಕಣ್ಣ ಮಂಜಾಗ್ಯಾವ."

ಬೀದರಿನಲ್ಲಿ ಕೂತು ವರ್ಷವಿಡೀ ಈ ಸಮುದ್ರದ ಮಾತೇ ಆಡಿದವರು.

ಊಟವಾದ ಮೇಲೆ ಲಾಡ್ಜಿನ ದೀಪದ ಕೆಳಗೆ ಗಂಟು ಹಾಕುತ್ತ, ಬಿಚ್ಚುತ್ತ ಕೂತಿದ್ದರು. "ಈಗ ಗಟ್ಟಿ ಅದಾ, ಜಗ್ಗಿ ನೋಡವ್ವಾ" ಎಂದು ದಾರ ಚಾಚಿದರು. ಬಲಗೈ ಸೆರಗಿನಲ್ಲಿ ಮುಚ್ಚಿಕೊಂಡು ಎಡಗೈಯಿಂದ ಜಗ್ಗಿದೆ.

"ಗಟ್ಟಿ ಅದರಿ."

ಮಾವನ ಮುಖ ಅರಳಿತು. ಬೆಳಗಿನದೂ ಗಟ್ಟಿಯೇ ಇತ್ತು ಎನ್ನಲು ನನಗೆ ಬಾಯಿ ಬರಲಿಲ್ಲ.