ಬಣಗಾರ ಓಣಿಯ ಕಬ್ಬಿಣದ ಬಾಗಿಲು

ಫೆಬ್ರವರಿ 30, 2141
ಬಣಗಾರ ಓಣಿ, ಮೂಡಣ ಭಾಗ

ಹೆದ್ದಾರಿ ಇನ್ನೂ ಬಂದಿರದ ಕಾಲದ ನಮ್ಮ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಒರಟೆನಿಸಿದರೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ. ನನ್ನ ಹೆಸರು ಫಕೀರವ್ವ, ವಯಸ್ಸು ಐವತ್ತೆಂಟು, ಓಣಿಯಲ್ಲಿ ನಳ ರಿಪೇರಿ ಮಾಡುತ್ತೇನೆ.

ನಿಮ್ಮ ಓಣಿ ಈಗ ಎರಡು ತುಂಡು. ನಡುವೆ ಮೂರಾಳು ಎತ್ತರದ ಮಣ್ಣಿನ ದಿಬ್ಬ, ಅದರ ಮೇಲೆ ಹೆದ್ದಾರಿ. ಅಲ್ಲಿ ಓಡುವುದು ಸಾಲುಬಂಡಿ, ಅಂದರೆ ಚಾಲಕರಿಲ್ಲದೆ ಒಂದರ ಬಾಲ ಒಂದು ಹಿಡಿದು ಹೋಗುವ ನಲವತ್ತು ಲಾರಿಗಳು. ಅವು ನಿಲ್ಲುವುದೇ ಇಲ್ಲ. ಅವುಗಳ ಗಾಲಿ ಸವೆದು ಉದುರುವ ಕರಿಪುಡಿ ನಮ್ಮ ರೊಟ್ಟಿಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಮಲಗಿದ ಕೂಸಿನ ತುಟಿಯ ಮೇಲೆ ಕೂರುತ್ತದೆ. ಒರೆಸಿ ಒರೆಸಿ ಹೇಸಿಕೆ ಬಂದಿದೆ. ಆಸ್ಪತ್ರೆ ನಮ್ಮ ಕಡೆ ಉಳಿಯಿತು, ಶಾಲೆ ಪಡುವಣ ಭಾಗಕ್ಕೆ ಹೋಯಿತು. ದಿಬ್ಬ ಸುತ್ತಿ ಹೋಗಲು ಐದು ಕಿಲೋಮೀಟರು. ಮೂರು ತಲೆಮಾರು ಹೀಗೆ ಬದುಕಿದ ಮೇಲೆ ನಾವು ಪಡುವಣದವರನ್ನು ‘ಆ ಕಡೆಯವರು’ ಅನ್ನತೊಡಗಿದೆವು, ಒಂದೇ ಓಣಿಯವರಾಗಿದ್ದೂ.

ದಿಬ್ಬದ ಕೆಳಗೆ ನಿಮ್ಮ ಕಾಲದ, ಆಳು ನಡೆದುಹೋಗುವಷ್ಟು ದೊಡ್ಡ ನಾಲಾ ಹೂತುಹೋಗಿದೆ ಎಂಬುದು ಕೊಳವೆಯ ಹಳೆಯ ನಕ್ಷೆಗಳಿಂದ ನನಗೆ ತಿಳಿಯಿತು. ನಾವು ಇಪ್ಪತ್ತು ಹೆಂಗಸರು, ಏಳೆಂಟು ಗಂಡಸರು ಈ ಕಡೆಯಿಂದ ಹೂಳು ತೆಗೆಯಲು ಶುರುಮಾಡಿದೆವು. ಸುದ್ದಿ ತಿಳಿದು ಆ ಕಡೆಯಿಂದ ಮಕ್ತುಮಸಾಬ ಎಂಬ ಮುದುಕರು ತಮ್ಮ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ತೋಡಿದರು. ಹನ್ನೊಂದು ತಿಂಗಳ ಮೇಲೆ, ಕೊಳೆತ ಕೆಸರಿನ ನಡುವಿನಿಂದ ಒಂದು ಕೈ ಈಚೆ ಬಂತು, ಹಿಂದೆಯೇ ಮಕ್ತುಮಸಾಬರ ದನಿ.

“ಯಾರವ್ವಾ ನೀ?”

“ಫಕೀರವ್ವರಿ, ನಳ ರಿಪೇರಿ ಮಾಡಾಕಿ.”

“ಬಾ ಹಂಗಾರ, ಚಾ ಕುಡದು ಹೋಗುವಂತಿ.”

ಕೆಸರುಮೈಯಲ್ಲೇ ಹೋಗಿ ಕುಡಿದೆ. ಅತ್ತುಬಿಟ್ಟೆ.

ಎಂಟೇ ದಿನ. ಒಂದು ಬುಟ್ಟಿ ಮಣ್ಣನ್ನೂ ಹೊರದ ನಮ್ಮ ಓಣಿಯ ಸಮಿತಿಯ ಅಧ್ಯಕ್ಷ ಬಸಲಿಂಗಪ್ಪ ನಾಲಾದ ಬಾಯಿಗೆ ಕಬ್ಬಿಣದ ಬಾಗಿಲು ಕೂರಿಸಿ ಕೀಲಿ ಜಡಿದ.

“ಆ ಕಡೆಯವ್ರು ಎಂಥಾ ಮಂದಿನೋ ಏನೋ. ನಮ್ಮ ಓಣ್ಯಾಗ ಹೆಣ್ಮಕ್ಕಳು ಅದಾರ,” ಅಂದ. ಹೂಳು ತೆಗೆದವರೇ ಆ ಹೆಣ್ಣುಮಕ್ಕಳು. ನಾನು ಕೂಗಾಡಿದೆ. ಬೆಳಿಗ್ಗೆ ಸಂಜೆ ತೆರೆಯುತ್ತೇವಲ್ಲ ಎಂದು ಎಲ್ಲರೂ ನನ್ನನ್ನೇ ಸುಮ್ಮನಿರಿಸಿದರು.

ನಮಗೆ ಈಗ ಜನವರಿಯಲ್ಲೂ ಬೆಂಕಿಬಿಸಿಲು. ಹೋದ ತಿಂಗಳು ಉರಿರಜೆಯ ಹೊತ್ತು. ಬಿಸಿಲು ವಿಪರೀತವಾದ ದಿನ ಹನ್ನೆರಡರಿಂದ ನಾಲ್ಕರವರೆಗೆ ಯಾರೂ ಹೊರಬರಬಾರದೆಂಬ ಸರಕಾರಿ ನಿಯಮ ಅದು. ಆಂಬುಲೆನ್ಸೂ ಓಡುವುದಿಲ್ಲ. ಮಕ್ತುಮಸಾಬರ ಸೊಸೆ ದಿಲಶಾದಳಿಗೆ ಹೆರಿಗೆ ನೋವು ಬಂತು. ಅವಳನ್ನು ನಾಲಾದಲ್ಲಿ ನಡೆಸಿಕೊಂಡು ಬಂದರು. ಬಾಗಿಲು ದಾಟಿದರೆ ಆಸ್ಪತ್ರೆ ಇನ್ನೂರು ಹೆಜ್ಜೆ. ಕೂಗು ಕೇಳಿ ನಾನು ಬಸಲಿಂಗಪ್ಪನ ಮನೆಗೆ ಓಡಿದೆ. ಅವನ ಹೆಂಡತಿ ಕಿಟಕಿ ಅರ್ಧ ತೆರೆದಳು. “ಮಲಗ್ಯಾರವ್ವಾ, ಎಬ್ಬಿಸಬ್ಯಾಡ ಅಂದಾರ. ರಜಾ ಮುಗೀಲಿ, ಕೀಲಿ ಕೊಡ್ತಾರ.”

ಕೊಳವೆ ಕೊಯ್ಯುವ ಗರಗಸ ತಂದು, ಬಾಗಿಲನ್ನು ಚೌಕಟ್ಟಿಗೆ ಹಿಡಿದಿದ್ದ ತಿರುಗಣೆಗಳನ್ನು ಕೊಯ್ಯಲು ಕುಳಿತೆ. ದಿಲಶಾದ ಆಚೆಯಿಂದ ಬಾಗಿಲಿನ ಸರಳು ಹಿಡಿದು ನಿಂತಿದ್ದಳು, ಆಮೇಲೆ ಕುಸಿದಳು. ನನ್ನ ಬೆನ್ನ ಹಿಂದೆ ನಮ್ಮವರು ಕೊಡೆ ಹಿಡಿದು ಸೇರಿದ್ದರು. ನಿಯಮ ಮುರಿದು ನೋಡಲು ಬಂದವರು, ಕೈಹಚ್ಚಲು ಅಲ್ಲ. ಒಬ್ಬ ಹೇಳಿದ, “ಸಾವಕಾಶ ಕೊಯ್ಯವ್ವಾ, ಬಾಗಲಾ ಹೊಸಾದೈತಿ.” ಎರಡನೆಯ ತಿರುಗಣೆ ತುಂಡಾಗುವ ಮೊದಲೇ ಮಗು ಆ ಕೆಸರಿನಲ್ಲಿ ಹುಟ್ಟಿತು.

ತಾಯಿ, ಮಗಳು ಇಬ್ಬರೂ ಉಳಿದರು. ಮರುದಿನ ಬಸಲಿಂಗಪ್ಪ ಪೇಢೆ ಹಿಡಿದು ಆಸ್ಪತ್ರೆಗೆ ಹೋಗಿ, ಮಗುವನ್ನೆತ್ತಿಕೊಂಡು, “ನಮ್ಮ ಓಣಿ ಕೂಸು” ಎಂದು ಫೋಟೊ ತೆಗೆಸಿಕೊಂಡ. ಮಕ್ತುಮಸಾಬರು ಪೇಢೆ ಮುಟ್ಟಲಿಲ್ಲ. ನನಗಷ್ಟೇ ಹೇಳಿದರು: “ಹಿಂಗ ಬಾಗಲಾ ಹಾಕ್ತಾರಂತ ಗೊತ್ತಿದ್ರ ನಾ ಮಣ್ಣು ತಗೀತಿದ್ದಿಲ್ಲವ್ವಾ.”

ಅದೇ ವಾರ ಸಮಿತಿ ಸೇರಿತು. ಇನ್ನೂ ಗಟ್ಟಿ ಬಾಗಿಲು ಹಾಕಿಸಬೇಕೆಂದು ಕೈಯೆತ್ತಿದರು. ಎತ್ತಿದವರಲ್ಲಿ ನನ್ನ ಒಡಹುಟ್ಟಿದ ತಂಗಿಯೂ ಇದ್ದಳು.

ಬಾಗಿಲು ಬಂದಿದೆ. ಹಾಕಲಾಗಿಲ್ಲ. ನಾನು ನನ್ನ ರಿಪೇರಿ ಅಂಗಡಿಯನ್ನೇ ನಾಲಾದ ಬಾಯಿಗೆ ತಂದುಕೊಂಡು ಕುಳಿತಿದ್ದೇನೆ. ನನ್ನನ್ನು ಎತ್ತಿ ಬಿಸಾಡದೆ ಅದನ್ನು ಕೂರಿಸಲು ಬರುವುದಿಲ್ಲ. ದಿಲಶಾದ ಮಗಳನ್ನು ಹೊತ್ತು ದಿನಾ ಈ ದಾರಿಯಲ್ಲೇ ಚುಚ್ಚುಮದ್ದಿಗೆ, ಔಷಧಿಗೆ ಓಡಾಡುತ್ತಾಳೆ. ನನ್ನ ತಂಗಿ ಇತ್ತ ಬರುವುದಿಲ್ಲ.

ಹಿರಿಯರೇ, ಈ ಹೆದ್ದಾರಿಗೆ ಒಪ್ಪಿಗೆ ಕೊಟ್ಟ ನಿಮ್ಮ ಸಭೆಯ ನಡಾವಳಿಯನ್ನು ನಾನು ಓದಿದ್ದೇನೆ. ತನ್ನ ಮನೆ ಯಾವ ಕಡೆ ಬರುತ್ತದೆ, ತನ್ನ ಅಂಗಡಿಗೆ ಗಿರಾಕಿ ಹೆಚ್ಚುತ್ತಾರೋ ಇಲ್ಲವೋ ಎಂದು ಪ್ರತಿಯೊಬ್ಬರೂ ಕೇಳಿದ್ದೀರಿ. ಆಚೆ ಬೀಳುವವರ ಗತಿ ಏನೆಂದು ಒಬ್ಬರೂ ಕೇಳಲಿಲ್ಲ. ಆಮೇಲೆ ಸಾಲಾಗಿ ನಿಂತು ಸಹಿ ಹಾಕಿದ್ದೀರಿ. ಈ ಕಾಗದ ಆ ಸಭೆಗೆ ಮೊದಲೇ ತಲುಪಿದರೆ, ಎದ್ದು ನಿಂತು ಆ ಒಂದು ಮಾತು ಕೇಳಿ. ಕೇಳದೆಯೇ ಸಹಿ ಹಾಕುವಿರಾದರೆ, ನನ್ನನ್ನು ನಿಮ್ಮ ಕುಲದವಳೆಂದು ಎಲ್ಲಿಯೂ ಹೇಳಿಕೊಳ್ಳಬೇಡಿ.

ಫಕೀರವ್ವ