ಹುಳುಮನೆಯ ಕ್ಯಾಲೆಂಡರ್

ಶ್ರೀನಿವಾಸಪುರ
16 ಜುಲೈ 2024

ಮುದ್ದು ಪದ್ಮಶ್ರೀ,

2019ರ ಫೆಬ್ರವರಿ 11, ಸೋಮವಾರ. ಕೋಲಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಾಕ್ಟರು ನಿನ್ನ ಎದೆಗೆ ಸ್ಟೆತಸ್ಕೋಪ್ ಕೂಡ ಇಡದೆ, ಉಸಿರು ಕಟ್ಟುವುದೆಲ್ಲ ಮನಸ್ಸಿನ ಭ್ರಮೆ ಎಂದು ಚೀಟಿಯಲ್ಲಿ ಬರೆದರು. ನಿದ್ದೆ ಮಾತ್ರೆ ಕೊಟ್ಟರು. ಆಮೇಲೂ ನೀನು ಮೂರು ಸಲ ಹೋದೆ. ಮೂರು ಸಲವೂ ಹಳೆಯ ಚೀಟಿ ನೋಡಿ, 'ಒಂದು ಮಗು ಆಗಲಿ, ಸರಿಹೋಗುತ್ತೆ, ನಡಿಯಮ್ಮ' ಎಂದು ಕಳಿಸಿದರು. ನಾನು ಮರೆಯುವವಳಲ್ಲ, ಮೂವತ್ತು ವರ್ಷ ಲೈಬ್ರರಿಯಲ್ಲಿ ಕೂತವಳು.

ಹೋದ ವಾರ ರೇಷ್ಮೆಹುಳು ಹಣ್ಣಾಗಿವೆ, ಆಳು ಬಂದಿಲ್ಲ ಎಂದು ನೀನು ಕರೆದದ್ದಕ್ಕೆ ದೇವರಾಯಸಮುದ್ರಕ್ಕೆ ಬಂದೆನಲ್ಲ. ಗೂಡು ಕಟ್ಟಲೆಂದು ಹುಳುಗಳನ್ನು ಬಿದಿರಿನ ಚಂದ್ರಿಕೆಗೆ ಬಿಡುತ್ತಾ, ಬಾಗಿಲ ಹಿಂದಿನ ಕ್ಯಾಲೆಂಡರ್ ನೋಡಿದೆ. ರೇಷ್ಮೆ ಮನೆಗಳಲ್ಲಿ ಬರೆಯುವ ಹಾಗೆ ದಿನದಿನದ ಶಾಖ, ತೇವ. ಅದರ ಕೆಳಗೆ ಇನ್ನೊಂದು ಅಂಕಿ: 200, 180, 90, 40. ಏನೇ ಇದು ಅಂದೆ. ಸೊಪ್ಪಿನ ಮಂಕರಿ ಹೊತ್ತು ಬರುವಾಗ ಎಷ್ಟು ಹೆಜ್ಜೆಗೆ ಉಸಿರು ಸಿಕ್ಕದೆ ನಿಲ್ಲುತ್ತೀನೋ ಅಷ್ಟು ಎಂದೆ ನೀನು, ಬಸ್ಸಿನ ಟೈಮು ಹೇಳಿದಷ್ಟು ಸಲೀಸಾಗಿ. ಹಳೆಯ ಕ್ಯಾಲೆಂಡರುಗಳನ್ನೂ ನೀನು ಟ್ರಂಕಿನಿಂದ ತೆಗೆದೆ. ಐದು ವರ್ಷ!

ನಾನು ಒಂದೊಂದು ಪುಟವನ್ನೂ ತಿರುವಿ ನೋಡಿದೆ. ಹುಳು ದಪ್ಪವಾದಂತೆ ಅಂಕಿ ಇಳಿಯುತ್ತದೆ. ಮನೆ ಖಾಲಿ ಮಾಡಿ ತೊಳೆದ ಮೇಲೆ ಏರುತ್ತದೆ. ಒಂದು ಬೆಳೆಯಲ್ಲಿ ಹುಳುವಿನ ಹಿಕ್ಕೆ, ಕಸ ತೆಗೆಯುವುದನ್ನು ಗಂಡನಿಗೆ ಬಿಟ್ಟು ನೋಡಿದ್ದೀಯ: ನೂರೈವತ್ತಕ್ಕಿಂತ ಕೆಳಗಿಳಿದಿಲ್ಲ. ಮುಂದಿನ ಬೆಳೆಗೆ ನೀನೇ ತೆಗೆದೆ: ಮತ್ತೆ ನಲವತ್ತು. ಹೀಗೆ ಪರೀಕ್ಷೆ ಮಾಡುವುದನ್ನು ಯಾರು ಕಲಿಸಿದರು ಕಣೇ ನಿನಗೆ? ದೊಡ್ಡ ದೊಡ್ಡ ವಿಜ್ಞಾನಿಗಳ ಚರಿತ್ರೆ ಓದಿದ್ದೇನೆ; ಕೈ ಮುಗಿಯಬೇಕು ಅನ್ನಿಸಿದ್ದು ನಿನ್ನ ಪೆನ್ಸಿಲ್ ಅಂಕಿಗಳ ಮುಂದೆ.

'ಹುಳ ಜೋರಾಗಿ ಮೇಯೋಕೆ ಶುರು ಮಾಡಿದ್ರೆ ಸಾಕು, ನಮ್ಮ ಮಹಾರಾಣಿಗೆ ದಮ್ಮು ಬಂದ್ಬಿಡ್ತದೆ ನೋಡಕ್ಕಾ' ಎಂದು ನಿಮ್ಮತ್ತೆ ದೊಡ್ಡಮುನಿಯಮ್ಮ ನನ್ನ ಹತ್ತಿರ ಎಷ್ಟು ಸಲ ಕೊಂಕು ಆಡಿಲ್ಲ! ರೋಗದ ಗುಟ್ಟೆಲ್ಲ ಆ ಕೊಂಕಿನಲ್ಲೇ ಇತ್ತು. ಕಂಡದ್ದು ಎಲ್ಲರಿಗೂ, ನಂಬಿ ಬರೆದಿಟ್ಟವಳು ನೀನೊಬ್ಬಳೇ.

ಮೊನ್ನೆ ಮುಳಬಾಗಿಲಿನಲ್ಲಿ ಡಾಕ್ಟರ್ ಮೇಘನ ಆ ಕ್ಯಾಲೆಂಡರುಗಳನ್ನು ಮೇಜಿನ ಮೇಲೆ ಹರಡಿಕೊಂಡು ಅರ್ಧ ಗಂಟೆ ಓದಿದರಲ್ಲ. ನೀನು ಸ್ಕ್ಯಾನಿಗೆ ಹೋದಾಗ ಅವರು ನನಗೆ ಹೇಳಿದ್ದನ್ನು ನಿನಗೆ ತಿಳಿಸಿಲ್ಲ. ಹುಳುವಿನ ಧೂಳು ನಿನ್ನ ಶ್ವಾಸಕೋಶಕ್ಕೆ ಆಗುವುದಿಲ್ಲ ಎಂಬುದನ್ನು ಕಂಡುಹಿಡಿದದ್ದು ತಾವಲ್ಲವಂತೆ, ನೀನಂತೆ. ತಾವು ಖಚಿತಪಡಿಸಿಕೊಳ್ಳುವುದಷ್ಟೇ ಅಂತೆ. ಆದರೆ ಸ್ಕ್ಯಾನಿನಲ್ಲಿ ಒಂದಷ್ಟು ಭಾಗ ಗಟ್ಟಿಯಾಗಿರುವುದು ಕಂಡಿತು. ಅದು ಇನ್ನು ಮರಳುವುದಿಲ್ಲ. ಐದು ವರ್ಷದ ಹಿಂದೆ ಯಾರಾದರೂ ಕಿವಿಗೊಟ್ಟಿದ್ದರೆ ಉಳಿಯುತ್ತಿತ್ತು.

ಆಗಸ್ಟ್ 4ರ ಭಾನುವಾರ ಕೋಲಾರದ ಆ ಡಾಕ್ಟರೇ ನಿಮ್ಮೂರ ಶಾಲೆಯಲ್ಲಿ ಉಚಿತ ಆರೋಗ್ಯ ಶಿಬಿರ ನಡೆಸುತ್ತಾರಂತೆ. ನಾನು ಬರುತ್ತೇನೆ. ಮೈಕು ಅವರ ಕೈಯಲ್ಲಿರುವಾಗಲೇ ಕೇಳುತ್ತೇನೆ: ನನ್ನ ಮಗಳ ಏನನ್ನು ಪರೀಕ್ಷಿಸಿ ಭ್ರಮೆ ಎಂದು ಬರೆದಿರಿ? ಊರಿನ ಮುಂದೆ ಹೇಳಿ.

ನಿನ್ನನ್ನು ನೋಡಿ ಬೆರಗಾಗಿರುವ ಅಮ್ಮ,
ವೆಂಕಟರತ್ನಮ್ಮ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಆ ಸೋಮವಾರ ನೀನು ಟೋಕನ್ ಹಿಡಿದು ಹೊರಗೆ ಕೂತಿದ್ದಾಗ ನಾನು ಒಳಗೆ ಹೋಗಿ, ಈ ಮದುವೆ ಅವಳಿಗೆ ಇಷ್ಟವಿರಲಿಲ್ಲ, ನಾಟಕ ಇರಬಹುದು, ಸ್ವಲ್ಪ ಗದರಿಸಿ ಎಂದು ಡಾಕ್ಟರಿಗೆ ಹೇಳಿದ್ದೆ. ಶಿಬಿರದ ದಿನ ಮೊದಲ ಪ್ರಶ್ನೆಯನ್ನು ನೀನು ನನಗೇ ಕೇಳಬೇಕು, ಎಲ್ಲರಿಗೂ ಕೇಳಿಸುವ ಹಾಗೆ.